ಮುಳ್ಳು ಸಿಲೋನಿನ ಮೇಲೆ ನಿಂತ ಕಾಲ

ನಮ್ಮ ಮನೆಯ ಮರ್ಫಿ ರೇಡಿಯೋದ ಗಾಜಿನ ಮೇಲೆ ಒಂದು ಕೆಂಪು ಚುಕ್ಕೆಯಿತ್ತು. ಅಕ್ಕ ತನ್ನ ಉಗುರುಬಣ್ಣದ ಶೀಶೆಗೆ ಕಡ್ಡಿ ಅದ್ದಿ ಇಟ್ಟ ಚುಕ್ಕೆ ಅದು. ಶಾರ್ಟ್‌ವೇವ್ ಪಟ್ಟಿಯಲ್ಲಿ 41 ಮೀಟರಿನ ಹತ್ತಿರ, ಮುಳ್ಳು ಸರಿಯಾಗಿ ಆ ಚುಕ್ಕೆಯ ಹಿಂದೆ ಬಂದು ನಿಂತರೆ ಸಿಲೋನು. ಕೂದಲೆಳೆಯಷ್ಟು ಆಚೆ ಹೋದರೆ ಗೊತ್ತಿಲ್ಲದ ಭಾಷೆಯ ವಾರ್ತೆ, ಈಚೆ ಬಂದರೆ ಬರೀ ಗರಗರ. ಗುಂಡಿ ತಿರುಗಿಸಿದ ತಕ್ಷಣ ಹಾಡು ಬರುವ ಕಾಲವಲ್ಲ. ಒಳಗಿನ ವಾಲ್ವುಗಳು ಕಾಯಬೇಕು, ಮುಂಭಾಗದ ಹಸಿರು ಕಣ್ಣು ಮೆಲ್ಲಗೆ ಬೆಳಗಬೇಕು. ಸ್ಟೇಷನ್ ಸರಿಯಾಗಿ ಹಿಡಿದರೆ ಆ ಕಣ್ಣಿನ ರೆಪ್ಪೆಗಳು ಒಂದಕ್ಕೊಂದು ಹತ್ತಿರ ಬರುತ್ತಿದ್ದವು. ಮಾಳಿಗೆಯಲ್ಲಿ ಗೋಡೆಯಿಂದ ಗೋಡೆಗೆ ಕಟ್ಟಿದ್ದ ತಾಮ್ರದ ಏರಿಯಲ್ ಜಾಲರಿಯನ್ನು ಗಾಳಿ ಅಲ್ಲಾಡಿಸಿದರೂ ಸಾಕು, ಕೆಳಗೆ ಲತಾ ಮಂಗೇಶ್ಕರರ ದನಿ ನೀರಿನಲ್ಲಿ ಮುಳುಗಿ ಎದ್ದಂತೆ ಆಗುತ್ತಿತ್ತು. ಅಡುಗೆಮನೆಯಿಂದ ಅಮ್ಮ "ಸಿಲೋನು ಸಿಕ್ತೇನ್ರೋ?" ಎಂದು ಕೂಗಿ ಕೇಳುವಳು. ಸಿಕ್ಕಿತು ಎಂದರೆ ಒಲೆಯ ಮುಂದಿನ ಕೆಲಸ ಹಜಾರದ ಬಾಗಿಲ ಬಳಿಗೆ ಬರುತ್ತಿತ್ತು.

ಬೆಂಗಳೂರಿನಿಂದ ಕೊಲಂಬೊ ಸುಮಾರು 700 ಕಿಲೋಮೀಟರ್. ನಡುವೆ ಕಡಲು, ಬೇರೆ ದೇಶ, ಬೇರೆ ಭಾಷೆ. ಆದರೂ ಸುಮಾರು ಮೂರು ದಶಕ ಭಾರತದ ಚಿತ್ರಗೀತೆಗೆ ತವರುಮನೆಯಂತಿದ್ದುದು ದೆಹಲಿಯೂ ಅಲ್ಲ, ಮುಂಬಯಿಯೂ ಅಲ್ಲ, ಈ ಕೊಲಂಬೊ. ಒಂದು ಪುಟ್ಟ ದ್ವೀಪದ ಸರ್ಕಾರಿ ಬಾನುಲಿ ಪಕ್ಕದ ದೊಡ್ಡ ದೇಶದ ಮನೆಮನೆಯೊಳಗೆ ಹೊಕ್ಕದ್ದು ಹೇಗೆ ಎಂಬ ಕಥೆಯನ್ನು ನಾನು ಬಹಳ ದಿನದಿಂದ ಬರೆಯಬೇಕೆಂದಿದ್ದೆ. ನಮ್ಮ ತಲೆಮಾರಿನ ಕಿವಿ ತಯಾರಾದದ್ದು ಆ ನಿಲಯದ ಹಾಡುಗಳನ್ನು ಕೇಳಿ.

ಕಥೆ ಶುರುವಾಗುವುದು ಒಂದು ಜಲಾಂತರ್ಗಾಮಿ ನೌಕೆಯಿಂದ. ಬ್ರಿಟಿಷರ ಸಿಲೋನಿಗೆ 1921ರಲ್ಲಿ ತಂತಿ ಇಲಾಖೆಯ ಮುಖ್ಯ ಎಂಜಿನಿಯರ್ ಆಗಿ ಎಡ್ವರ್ಡ್ ಹಾರ್ಪರ್ ಎಂಬ ಇಂಗ್ಲಿಷ್ ಅಧಿಕಾರಿ ಬಂದರು. ಯುರೋಪಿನಲ್ಲಿ ರೇಡಿಯೋ ಆಗಷ್ಟೇ ಕಣ್ಣುಬಿಡುತ್ತಿತ್ತು. ಮೊದಲ ಮಹಾಯುದ್ಧದಲ್ಲಿ ಸೆರೆಸಿಕ್ಕ ಜರ್ಮನ್ ಜಲಾಂತರ್ಗಾಮಿಯೊಂದರ ರೇಡಿಯೋ ಬಿಡಿಭಾಗಗಳನ್ನು ಜೋಡಿಸಿ ಹಾರ್ಪರ್ ಮತ್ತು ಅವರ ಸಹೋದ್ಯೋಗಿಗಳು ಒಂದು ಪ್ರಸಾರಯಂತ್ರ ಕಟ್ಟಿದರು. ಕೊಲಂಬೊದ ಕೇಂದ್ರ ತಂತಿ ಕಚೇರಿಯ ಒಂದು ಸಣ್ಣ ಕೋಣೆಯಲ್ಲಿ ಗ್ರಾಮಫೋನ್ ತಟ್ಟೆ ಹಾಕಿ ಅದರ ಸಂಗೀತವನ್ನು ಗಾಳಿಗೆ ಬಿಟ್ಟರು. ಹಡಗು ಮುಳುಗಿಸಲು ಹೊರಟಿದ್ದ ಯಂತ್ರದ ಒಡಲಿನಿಂದ ಮೊದಲು ಹೊರಟದ್ದು ಹಾಡು. 1925ರ ಡಿಸೆಂಬರ್ 16ರಂದು ಗವರ್ನರ್ ಹ್ಯೂ ಕ್ಲಿಫರ್ಡ್ 'ಕೊಲಂಬೊ ರೇಡಿಯೋ'ವನ್ನು ಅಧಿಕೃತವಾಗಿ ಉದ್ಘಾಟಿಸಿದರು. ಬ್ರಿಟನ್ನಿನ ಬಿಬಿಸಿ ಶುರುವಾಗಿ ಆಗ ಮೂರೇ ವರ್ಷ. ಭಾರತದಲ್ಲಿ ಮುಂಬಯಿ ಮತ್ತು ಕಲ್ಕತ್ತದ ನಿಲಯಗಳು ವ್ಯವಸ್ಥಿತವಾಗಿ ಕೆಲಸ ಆರಂಭಿಸಿದ್ದು 1927ರಲ್ಲಿ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಪುಟ್ಟ ಪ್ರಸಾರಯಂತ್ರವಿಟ್ಟುಕೊಂಡು 'ಆಕಾಶವಾಣಿ' ಹುಟ್ಟುಹಾಕಿದ್ದು 1935ರಲ್ಲಿ.

ಮುಂದಿನ ಎರಡು ದಶಕ ಕೊಲಂಬೊ ರೇಡಿಯೋ ಊರಮಟ್ಟಿಗೆ ಕೇಳುವ ನಿಲಯವಾಗಿಯೇ ಇತ್ತು. ಅದನ್ನು ಬೆಳೆಸಿದ್ದು ಎರಡನೇ ಮಹಾಯುದ್ಧ. ಜಪಾನಿನ ವಿರುದ್ಧ ಆಗ್ನೇಯ ಏಷ್ಯಾದಲ್ಲಿ ಕಾದುತ್ತಿದ್ದ ಮಿತ್ರಪಡೆಗಳ ಮುಖ್ಯಸ್ಥ ಮೌಂಟ್‌ಬ್ಯಾಟನ್ ತಮ್ಮ ಠಾಣೆಯನ್ನು 1944ರಲ್ಲಿ ಸಿಲೋನಿನ ಕ್ಯಾಂಡಿಗೆ ತಂದರು. ಕಾಡಿನಲ್ಲಿ, ಕಡಲಿನಲ್ಲಿ, ಊರಿಂದ ದೂರವಿದ್ದ ಸೈನಿಕರಿಗೆ ಸುದ್ದಿ ಮತ್ತು ಹಾಡು ಮುಟ್ಟಿಸಲು 'ರೇಡಿಯೋ ಸಿಯಾಕ್' ಎಂಬ ನಿಲಯ ಹುಟ್ಟಿತು. ಕೊಲಂಬೊದ ಉತ್ತರಕ್ಕಿರುವ ಎಕಲ ಎಂಬಲ್ಲಿ 100 ಕಿಲೋವಾಟಿನ ಶಾರ್ಟ್‌ವೇವ್ ಪ್ರಸಾರಯಂತ್ರ ನಿಂತಿತು. ಆ ಕಾಲಕ್ಕೆ ಈ ಭಾಗದಲ್ಲಿ ಅಂಥ ಶಕ್ತಿಯ ಯಂತ್ರ ಅಪರೂಪ. ಯುದ್ಧ ಮುಗಿಯಿತು, ಸೈನಿಕರು ಊರು ಸೇರಿದರು, ಬ್ರಿಟಿಷರೂ ಗಂಟುಮೂಟೆ ಕಟ್ಟಿದರು. ಯಂತ್ರ ಉಳಿಯಿತು. ಸ್ವತಂತ್ರ ಸಿಲೋನಿನ ಸರ್ಕಾರಕ್ಕೆ ಅದು ಬಳುವಳಿಯಾಗಿ ಬಂತು. 1949ರಲ್ಲಿ 'ರೇಡಿಯೋ ಸಿಲೋನ್' ಸರ್ಕಾರದ ಒಂದು ಇಲಾಖೆಯಾಯಿತು.

ಶಾರ್ಟ್‌ವೇವ್ ಎಂದರೇನು ಎಂದು ಇಂದಿನ ಮಕ್ಕಳಿಗೆ ಹೇಳಬೇಕಾಗುತ್ತದೆ. ಊರಿನ ಮೀಡಿಯಂ ವೇವ್ ನಿಲಯದ ಅಲೆ ನೆಲ ಹಿಡಿದುಕೊಂಡು ಹರಿಯುತ್ತದೆ, ಒಂದಷ್ಟು ದೂರ ಹೋಗಿ ಸೋಲುತ್ತದೆ. ಶಾರ್ಟ್‌ವೇವ್ ಮೇಲಕ್ಕೆ ಹಾರುತ್ತದೆ. ನೂರಾರು ಕಿಲೋಮೀಟರ್ ಎತ್ತರದಲ್ಲಿ, ಸೂರ್ಯನ ಬಿಸಿಲಿಗೆ ವಿದ್ಯುದಾವೇಶಗೊಂಡ ಗಾಳಿಯ ಪದರಕ್ಕೆ ತಾಗಿ, ಗೋಡೆಗೆ ಹೊಡೆದ ಚೆಂಡಿನಂತೆ ಭೂಮಿಗೆ ಮರಳುತ್ತದೆ. ಮರಳಿ ಬೀಳುವ ಜಾಗ ಸಾವಿರ, ಎರಡು ಸಾವಿರ ಕಿಲೋಮೀಟರ್ ಆಚೆಗೂ ಇರಬಹುದು. ಆ ಪದರ ಹಗಲಿಗೊಂದು ತರಹ, ರಾತ್ರಿಗೊಂದು ತರಹ. ಆದ್ದರಿಂದಲೇ ದನಿ ಒಮ್ಮೆ ಕಿವಿಯ ಹತ್ತಿರ ಬಂದು, ಮರುಕ್ಷಣ ಕಡಲ ನಡುವಿಗೆ ಹೋದಂತೆ ಕೇಳುತ್ತಿತ್ತು. ನಮಗೆ ಅದು ದೋಷವೆಂದೇ ಅನಿಸಿರಲಿಲ್ಲ. ಹಾಡು ಹಾಗೆಯೇ ಇರುತ್ತದೆ ಎಂದುಕೊಂಡಿದ್ದೆವು. ಮುಂದೆ ಕ್ಯಾಸೆಟ್ಟಿನಲ್ಲಿ ಅದೇ ಹಾಡು ಸಪಾಟಾಗಿ ಕೇಳಿದಾಗ ಏನೋ ಕಳೆದುಹೋಗಿದೆ ಅನಿಸಿತು.

ಇಷ್ಟು ದೂರ ಮುಟ್ಟುವ ಯಂತ್ರವನ್ನು ಇಟ್ಟುಕೊಂಡು ಮಾಡುವುದೇನು? ಸಣ್ಣ ದೇಶ, ಖರ್ಚು ಭಾರ. ಆಗ ಕೊಲಂಬೊ ಯೋಜನೆಯ ನೆರವಿನಲ್ಲಿ ಆಸ್ಟ್ರೇಲಿಯದಿಂದ ಬಂದ ಕ್ಲಿಫರ್ಡ್ ಡಾಡ್ ಒಂದು ದಾರಿ ತೋರಿಸಿದರು. 1950ರ ಸೆಪ್ಟೆಂಬರ್ 30ರಂದು ವಾಣಿಜ್ಯ ಸೇವೆ ಆರಂಭವಾಯಿತು. ನಿಲಯ ಸರ್ಕಾರದ್ದೇ, ಆದರೆ ಕಾರ್ಯಕ್ರಮಗಳಿಗೆ ಪ್ರಾಯೋಜಕರು ಹಣ ಕೊಡಬಹುದು, ಜಾಹೀರಾತು ಹಾಕಿಸಬಹುದು. ಪಕ್ಕದ ಭಾರತದಲ್ಲಿ ಆಲ್ ಇಂಡಿಯಾ ರೇಡಿಯೋ ಜಾಹೀರಾತನ್ನು ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ಸಾಬೂನು, ಚಹಾ, ಹಲ್ಲುಪುಡಿ ಮಾರುವವರಿಗೆ ಇಡೀ ಉಪಖಂಡವನ್ನು ಮಾತನಾಡಿಸುವ ಬಾಗಿಲು ತೆರೆದಂತಾಯಿತು. ಇಂಗ್ಲಿಷ್, ಹಿಂದಿ, ತಮಿಳು ಕಾರ್ಯಕ್ರಮಗಳು ಬೆಳೆದವು. ಇಂಗ್ಲಿಷಿನಲ್ಲಿ ವರ್ನನ್ ಕೊರಿಯಾ, ತಮಿಳಿನಲ್ಲಿ ಮಯಿಲ್ವಾಗನಂ ಮುಂತಾದ ನಿರೂಪಕರ ಹೆಸರು ಕಡಲಾಚೆಗೂ ಮನೆಮಾತಾಯಿತು. ಮುಂದೆ ದೊಡ್ಡ ನಟರಾದ ಸುನಿಲ್ ದತ್, ಸಿನಿಮಾಕ್ಕೆ ಕಾಲಿಡುವ ಮೊದಲು ಇದೇ ನಿಲಯಕ್ಕಾಗಿ ಮುಂಬಯಿಯಲ್ಲಿ ತಾರೆಯರ ಸಂದರ್ಶನ ಮಾಡುತ್ತಿದ್ದರು.

ಆದರೂ ಬರೀ ಯಂತ್ರ ಮತ್ತು ಹಣದಿಂದ ಕೊಲಂಬೊ ನಮ್ಮದಾಗುತ್ತಿರಲಿಲ್ಲ. ಅದನ್ನು ನಮ್ಮ ಕಡೆಗೆ ನೂಕಿದ್ದು ದೆಹಲಿ.

1952ರಲ್ಲಿ ಬಾಲಕೃಷ್ಣ ವಿಶ್ವನಾಥ ಕೇಸ್ಕರ್ ಭಾರತದ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದರು. ಹತ್ತು ವರ್ಷ ಆ ಖಾತೆ ಅವರ ಕೈಯಲ್ಲಿತ್ತು. ಪ್ಯಾರಿಸ್ಸಿನಲ್ಲಿ ಓದಿ ಬಂದವರು, ಶಾಸ್ತ್ರೀಯ ಸಂಗೀತವನ್ನು ಕಲಿತು ಬಲ್ಲವರು. ಚಿತ್ರಗೀತೆಯೆಂದರೆ ಅವರಿಗೆ ಆಗುತ್ತಿರಲಿಲ್ಲ. ಪಶ್ಚಿಮದ ವಾದ್ಯಗಳನ್ನು ಕಲಸಿದ ಅಗ್ಗದ ಸರಕು, ಜನರ ಅಭಿರುಚಿಯನ್ನು ಕೆಡಿಸುವಂಥದ್ದು ಎಂಬುದು ಅವರ ನಿಲುವು. ಆಕಾಶವಾಣಿಯಲ್ಲಿ ಚಿತ್ರಗೀತೆಗಳ ಪಾಲನ್ನು ಹತ್ತರಲ್ಲೊಂದಕ್ಕೆ ಇಳಿಸಿದರು. ಯಾವ ಹಾಡು ಬರಬೇಕೆಂದು ಜರಡಿ ಹಿಡಿಯುವ ಏರ್ಪಾಡಾಯಿತು. ಹಾಡಿನ ಜೊತೆ ಸಿನಿಮಾದ ಹೆಸರು ಹೇಳುವುದು ಜಾಹೀರಾತು ಕೊಟ್ಟಂತೆ, ಹಾಗಾಗಿ ಗಾಯಕರ ಹೆಸರಷ್ಟೇ ಸಾಕು ಎಂಬ ನಿಯಮ ಬಂತು. ನಿರ್ಮಾಪಕರು ಕೆರಳಿದರು. ತಮ್ಮ ಹಾಡುಗಳನ್ನು ಪ್ರಸಾರ ಮಾಡಲು ಕೊಟ್ಟಿದ್ದ ಅನುಮತಿಯನ್ನೇ ಹಿಂದಕ್ಕೆ ಪಡೆದರು. ಕೆಲವೇ ತಿಂಗಳಲ್ಲಿ ಭಾರತದ ರೇಡಿಯೋದಿಂದ ಭಾರತದ ಚಿತ್ರಗೀತೆ ಹೆಚ್ಚುಕಡಿಮೆ ಮಾಯವಾಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಕೇಸ್ಕರರನ್ನು ಖಳನಾಯಕನನ್ನಾಗಿ ನಿಲ್ಲಿಸುವುದು ಈಗ ವಾಡಿಕೆಯಾಗಿದೆ. ನನಗೆ ಅದು ಸರಿಯೆನಿಸುವುದಿಲ್ಲ. ಸಂಸ್ಥಾನಗಳು ಕರಗಿ, ಅರಮನೆಗಳ ಆಶ್ರಯ ತಪ್ಪಿ, ಸಂಗೀತಗಾರರು ಮುಂದೇನು ಎಂದು ದಿಕ್ಕು ನೋಡುತ್ತಿದ್ದ ಕಾಲ ಅದು. ಮೈಸೂರು, ಬರೋಡಾ, ಗ್ವಾಲಿಯರ್‌ಗಳ ಆಸ್ಥಾನ ಕೊಡುತ್ತಿದ್ದುದನ್ನು ಇನ್ನು ಮುಂದೆ ಕೊಡಬಲ್ಲದ್ದು ರೇಡಿಯೋ ಒಂದೇ ಎಂದು ಅವರು ಕಂಡುಕೊಂಡಿದ್ದರು. 1952ರ ಜುಲೈಯಲ್ಲಿ ಶುರುವಾದ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮವನ್ನು ಅವರು ಬೆಳೆಸಿದರು. ವಾರಕ್ಕೊಂದು ರಾತ್ರಿ ಇಡೀ ದೇಶ ಒಬ್ಬ ವಿದ್ವಾಂಸರ ಕಚೇರಿ ಕೇಳುವುದು ಅದಕ್ಕೆ ಮೊದಲು ಸಾಧ್ಯವೇ ಇರಲಿಲ್ಲ. 1954ರಿಂದ ರೇಡಿಯೋ ಸಂಗೀತ ಸಮ್ಮೇಳನಗಳು ಬಂದವು. ಆಕಾಶವಾಣಿಯ ವಾದ್ಯವೃಂದಕ್ಕೆ ರವಿಶಂಕರ್ ಮತ್ತು ಟಿ.ಕೆ. ಜಯರಾಮ ಅಯ್ಯರ್ ಸಂಗೀತ ಕೂಡಿಸಿದರು. ಉತ್ತರದವರು ಕರ್ನಾಟಕ ಸಂಗೀತವನ್ನೂ ದಕ್ಷಿಣದವರು ಹಿಂದೂಸ್ತಾನಿಯನ್ನೂ ಮನೆಯಲ್ಲಿ ಕುಳಿತು ಕೇಳಿದ್ದು ಆ ಕಾರ್ಯಕ್ರಮಗಳಿಂದಲೇ. 1950ರಲ್ಲಿ ಆರಂಭವಾದ ಧಾರವಾಡದ ನಿಲಯಕ್ಕೆ ಮಲ್ಲಿಕಾರ್ಜುನ ಮನಸೂರರು ಸಂಗೀತ ಸಲಹೆಗಾರರಾಗಿದ್ದರು ಎಂದರೆ, ರೇಡಿಯೋ ಆಗ ಎಂಥವರನ್ನು ತನ್ನೊಳಗೆ ಕೂರಿಸಿಕೊಂಡಿತ್ತೆಂದು ತಿಳಿಯುತ್ತದೆ.

ಕೇಸ್ಕರರು ಎಡವಿದ್ದು ಬೇರೆ ಕಡೆ. ಒಳ್ಳೆಯದನ್ನು ಕೊಟ್ಟರೆ ಸಾಲದು, ಉಳಿದದ್ದನ್ನು ಕಿತ್ತುಕೊಳ್ಳಬೇಕು ಎಂದುಕೊಂಡರು. ಈ ಧೋರಣೆ ರೇಡಿಯೋಗೆ ಹೊಸದೇನೂ ಆಗಿರಲಿಲ್ಲ. 1940ರಲ್ಲಿಯೇ ಹಾರ್ಮೋನಿಯಂಗೆ ಆಲ್ ಇಂಡಿಯಾ ರೇಡಿಯೋದ ಬಾಗಿಲು ಮುಚ್ಚಿತ್ತು. ಅದರ ಸ್ವರಗಳು ಮೊದಲೇ ಕಟ್ಟಿಟ್ಟಂಥವು, ನಮ್ಮ ಗಮಕಕ್ಕೂ ಶ್ರುತಿಗೂ ಒಗ್ಗುವುದಿಲ್ಲ ಎಂಬ ವಾದ. ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಹುಬ್ಬಳ್ಳಿ-ಧಾರವಾಡದ ಕಡೆ ನಾಟಕ ಕಂಪನಿಗಳ ಕಾಲುಪೆಟ್ಟಿಗೆಯಿಂದ ಹಿಡಿದು ಭಜನೆಯವರೆಗೆ ಅದಿಲ್ಲದೆ ಸಂಗೀತವೇ ಇಲ್ಲ ಎನ್ನುವ ನಾಡಿನಲ್ಲಿ, ರೇಡಿಯೋದೊಳಗೆ ಮಾತ್ರ ಅದು ಇರಕೂಡದು ಎಂದರೆ ಹೇಗೆ? ಆ ನಿಷೇಧ ಸಡಿಲವಾಗಲು ಮೂವತ್ತು ವರ್ಷವೇ ಹಿಡಿಯಿತು. ಹೊರಗೆ ಹಾರ್ಮೋನಿಯಂ ಒಂದು ದಿನವೂ ನಿಲ್ಲಲಿಲ್ಲ.

ಚಿತ್ರಗೀತೆಯೂ ನಿಲ್ಲಲಿಲ್ಲ. ಮುಳ್ಳನ್ನು ಒಂದಿಷ್ಟು ಬಲಕ್ಕೆ ತಿರುಗಿಸಿದರೆ ಸಾಕಿತ್ತು.

1952ರ ಡಿಸೆಂಬರ್ 3, ಬುಧವಾರ. ರಾತ್ರಿ ಎಂಟಕ್ಕೆ ರೇಡಿಯೋ ಸಿಲೋನಿನಿಂದ ಹೊಸ ಕಾರ್ಯಕ್ರಮವೊಂದು ಬಂತು. ಪ್ರಾಯೋಜಕರು ಸಿಬಾ ಎಂಬ ಸ್ವಿಸ್ ಕಂಪನಿ, ಸರಕು ಬಿನಾಕಾ ಟೂತ್‌ಪೇಸ್ಟ್, ಹೆಸರು ಬಿನಾಕಾ ಗೀತ್‌ಮಾಲಾ. ನಿರೂಪಕ ಅಮೀನ್ ಸಯಾನಿ, ಇಪ್ಪತ್ತು ತುಂಬಲು ಇನ್ನೂ ಎರಡೂವರೆ ವಾರವಿದ್ದ ಹುಡುಗ. ಅಣ್ಣ ಹಮೀದ್ ಸಯಾನಿ ಆಗಲೇ ರೇಡಿಯೋದಲ್ಲಿ ಹೆಸರು ಮಾಡಿದ್ದರು. ವಾರಕ್ಕೆ 25 ರೂಪಾಯಿ ಸಂಭಾವನೆಯ ಈ ಕೆಲಸಕ್ಕೆ ಬೇರೆಯವರು ಮುಂದೆ ಬರಲಿಲ್ಲ, ತಮ್ಮನ ಪಾಲಿಗೆ ಬಂತು. ಏಳು ಹಾಡು ಹಾಕುವುದು, ಅವುಗಳನ್ನು ಕೇಳುಗರು ತಮ್ಮ ಲೆಕ್ಕದಲ್ಲಿ ಕ್ರಮವಾಗಿ ಜೋಡಿಸಿ ಬರೆದು ಕಳಿಸುವುದು, ಸರಿಯಾಗಿ ಜೋಡಿಸಿದವರಿಗೆ 100 ರೂಪಾಯಿ ಬಹುಮಾನ. ಬಂದರೆ ಒಂದು ನಲವತ್ತು ಐವತ್ತು ಕಾಗದ ಬರಬಹುದೆಂದು ಅಂದಾಜು. ಮೊದಲ ಪ್ರಸಾರಕ್ಕೆ ಒಂಬತ್ತು ಸಾವಿರ ಕಾಗದ ಬಂದವು. ವರ್ಷದೊಳಗೆ ವಾರಕ್ಕೆ 65 ಸಾವಿರ. ಅಷ್ಟನ್ನು ಒಡೆದು, ಓದಿ, ವಿಂಗಡಿಸುವುದು ಮನುಷ್ಯರಿಂದಾಗುವ ಕೆಲಸವಲ್ಲ ಎಂದು ಪೈಪೋಟಿಯನ್ನೇ ನಿಲ್ಲಿಸಿ, 1954ರ ಕೊನೆಯಿಂದ ಜನಪ್ರಿಯತೆಯ ಏಣಿ ಏರುವ ಪದ್ಧತಿ ತಂದರು. ರೆಕಾರ್ಡ್ ಅಂಗಡಿಗಳ ಮಾರಾಟ ಮತ್ತು ಕೇಳುಗರ ಮತ ನೋಡಿ ವಾರದ ಪಟ್ಟಿ. ಪ್ರತಿ ಹಾಡಿಗೂ ಒಂದು 'ಪಾಯ್‌ದಾನ್', ಎಂದರೆ ಮೆಟ್ಟಿಲು. ಮೇಲಿನ ಮೆಟ್ಟಿಲಿಗೆ ಬಂದ ಹಾಡಿಗೆ ಕಹಳೆ.

ಇಡೀ ಕಾರ್ಯಕ್ರಮ ಸಿದ್ಧವಾಗುತ್ತಿದ್ದುದು ಮುಂಬಯಿಯಲ್ಲಿ. ಧ್ವನಿಮುದ್ರಿಸಿದ ಟೇಪನ್ನು ಪ್ರತಿ ವಾರ ವಿಮಾನದಲ್ಲಿ ಕೊಲಂಬೊಕ್ಕೆ ಕಳಿಸುವುದು, ಅಲ್ಲಿಂದ ಶಾರ್ಟ್‌ವೇವ್ ಅಲೆಯಾಗಿ ಅದು ಮತ್ತೆ ಮುಂಬಯಿಯ ಮನೆಗಳಿಗೇ ಬಂದಿಳಿಯುವುದು. ಮುಂಬಯಿಯ ಸ್ಟುಡಿಯೋದಲ್ಲಿ ಹುಟ್ಟಿದ ಹಾಡು, ಮುಂಬಯಿಯ ಯುವಕನ ಮಾತು, ಮುಂಬಯಿಯ ಕೇಳುಗ. ಇವರೆಲ್ಲ ಕೂಡಲು ಹೋಗಿಬರಲು ಮೂರು ಸಾವಿರ ಕಿಲೋಮೀಟರಿನ ಸುತ್ತು. ಒಂದು ಸರ್ಕಾರ ತನ್ನ ಜನರ ಇಷ್ಟವನ್ನು ನಂಬದಿದ್ದಾಗ ಆ ಇಷ್ಟ ಹಿಡಿಯುವ ದಾರಿ ಎಷ್ಟು ದೂರದ್ದು ಎಂದು ನೆನೆದರೆ ಇಂದಿಗೂ ಬೆರಗಾಗುತ್ತದೆ.

ಸಯಾನಿಯವರ ಭಾಷೆಯ ಬಗ್ಗೆ ಒಂದೆರಡು ಮಾತು. ಆಲ್ ಇಂಡಿಯಾ ರೇಡಿಯೋದ ಹಿಂದಿ ಆಗ ಸಂಸ್ಕೃತದ ಕಡೆಗೆ ವಾಲಿತ್ತು. ವಾರ್ತೆ ಕೇಳಿದರೆ ಹಿಂದಿಯವರಿಗೇ ಅರ್ಥವಾಗುವುದಿಲ್ಲ ಎಂಬ ದೂರಿತ್ತು. ಸಯಾನಿಯವರದು ಬೀದಿಯಲ್ಲಿ, ರೈಲಿನಲ್ಲಿ ಕೇಳುವ ಹಿಂದೂಸ್ತಾನಿ. ಅವರ ಮನೆಯಲ್ಲಿ ತಾಯಿ ಕುಲ್ಸುಮ್ ಸಯಾನಿ, ಹೊಸದಾಗಿ ಓದು ಕಲಿತವರಿಗಾಗಿ ಸರಳ ಭಾಷೆಯ 'ರಹಬರ್' ಪತ್ರಿಕೆಯನ್ನು ನಡೆಸುತ್ತಿದ್ದರು. ದೇವನಾಗರಿ, ಉರ್ದು, ಗುಜರಾತಿ ಮೂರೂ ಲಿಪಿಗಳಲ್ಲಿ ಅದು ಬರುತ್ತಿತ್ತು. ಆ ಪತ್ರಿಕೆಗೆ ಕೈಜೋಡಿಸುತ್ತ ಬೆಳೆದ ಹುಡುಗ ರೇಡಿಯೋದಲ್ಲಿ ಮಾತಾಡಿದಾಗ, ಹಿಂದಿಯನ್ನು ಶಾಲೆಯಲ್ಲಷ್ಟೇ ಕಂಡಿದ್ದ ನಮ್ಮಂಥವರಿಗೂ ಒಂದೊಂದು ಪದ ತಿಳಿಯಿತು. ಮೊದಲು 'ಬೆಹನೋ', ಆಮೇಲೆ 'ಭಾಯಿಯೋ'. ಹೆಣ್ಣುಮಕ್ಕಳನ್ನು ಮೊದಲು ಕರೆದ ಆ ದನಿಗೆ ನಮ್ಮ ಅಮ್ಮ ಬಾಗಿಲ ಬಳಿ ನಿಂತೇ ಮುಗುಳ್ನಗುತ್ತಿದ್ದಳು. ಅವಳಿಗೆ ಬರುತ್ತಿದ್ದ ಹಿಂದಿಯೆಲ್ಲ ಸಿಲೋನಿನದೇ.

ಆ ವರ್ಷಗಳ ಕೇಳುಗರ ಸಮೀಕ್ಷೆಯೊಂದರ ಮಾತು ಚಿತ್ರರಂಗದ ಇತಿಹಾಸ ಬರೆದವರೆಲ್ಲ ಉಲ್ಲೇಖಿಸುವಂಥದ್ದು: ರೇಡಿಯೋ ಇರುವ ಹತ್ತು ಮನೆಗಳಲ್ಲಿ ಒಂಬತ್ತು ಮನೆ ಸಿಲೋನ್ ಹಾಕಿಕೊಂಡಿದ್ದವು, ಹತ್ತನೆಯ ಮನೆಯ ರೇಡಿಯೋ ಕೆಟ್ಟಿತ್ತು. ರೇಡಿಯೋ ಇಟ್ಟುಕೊಳ್ಳಲು ಆಗ ಲೈಸೆನ್ಸ್ ಬೇಕಿತ್ತು. ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ದುಡ್ಡು ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದೆವು. ಲೈಸೆನ್ಸಿನ ಹಣ ದೆಹಲಿಗೆ, ಕಿವಿ ಕೊಲಂಬೊಗೆ.

ಈ ನಿಲಯವನ್ನು ನಿಜಕ್ಕೂ ಸಾಕಿದ್ದು ಕಾಗದ ಬರೆಯುವವರು. ಯಾವುದೋ ಹಾಡಿನ ಮೊದಲು ಊರಿನ ಹೆಸರು, ಆಮೇಲೆ ಕೇಳುಗರ ಹೆಸರುಗಳ ಸಾಲು. ಗಂಡ, ಹೆಂಡತಿ, ಮಕ್ಕಳು, ಪಕ್ಕದ ಮನೆಯವರು, ಕೂಸಿನ ಮುದ್ದಿನ ಹೆಸರು. ಆಗಿನ ಬಿಹಾರದ ಅಭ್ರಕದ ಗಣಿಯೂರು ಝುಮ್ರಿ ತಲೈಯಾ ದೇಶಕ್ಕೆಲ್ಲ ಗೊತ್ತಾದದ್ದು ಅಭ್ರಕದಿಂದಲ್ಲ, ಅಲ್ಲಿಂದ ಹೋಗುತ್ತಿದ್ದ ಕೋರಿಕೆ ಕಾರ್ಡುಗಳಿಂದ. ಯಾರ ಹೆಸರು ಹೆಚ್ಚು ಸಲ ಬಂತೆಂದು ಅಲ್ಲಿ ಪಂದ್ಯವೇ ನಡೆಯುತ್ತಿತ್ತು. ಅಂಥ ಊರೇ ಇಲ್ಲ, ರೇಡಿಯೋದವರು ಕಟ್ಟಿದ ಹೆಸರು ಎಂದು ಎಷ್ಟೋ ಜನ ನಂಬಿದ್ದರು. ಪತ್ರಿಕೆಯಲ್ಲಿ ಹೆಸರು ಬರಬೇಕಾದರೆ ಎಸ್ಸೆಸ್ಸೆಲ್ಸಿ ಪಾಸಾಗಬೇಕಿದ್ದ ಕಾಲದಲ್ಲಿ, ಒಂದು ಕಾರ್ಡಿನ ಬೆಲೆಗೆ ನಿಮ್ಮ ಹೆಸರು ಇಡೀ ಆಕಾಶದಲ್ಲಿ ಹರಡುತ್ತಿತ್ತು.

ದಕ್ಷಿಣದ ಭಾಷೆಗಳನ್ನೂ ಕೊಲಂಬೊ ಮರೆಯಲಿಲ್ಲ. ತಮಿಳಿಗೆ ದೊಡ್ಡ ಪಾಲು, ಅದು ದ್ವೀಪದ ಸ್ವಂತ ಭಾಷೆಯೂ ಹೌದು. ತೆಲುಗು, ಮಲಯಾಳಗಳ ಜೊತೆ ಕನ್ನಡಕ್ಕೂ ಒಂದು ಸಣ್ಣ ಅವಧಿ ಇತ್ತು. ಜಿ.ಕೆ. ವೆಂಕಟೇಶ್, ರಾಜನ್-ನಾಗೇಂದ್ರ, ವಿಜಯಭಾಸ್ಕರ್ ಅವರು ಮದರಾಸಿನ ಸ್ಟುಡಿಯೋಗಳಲ್ಲಿ ಕೂಡಿಸಿದ ಹಾಡು, ಪಿ.ಬಿ. ಶ್ರೀನಿವಾಸ್ ಮತ್ತು ಎಸ್. ಜಾನಕಿಯವರ ದನಿಯಲ್ಲಿ, ಕಡಲ ಮೇಲಿಂದ ತೇಲಿ ಬಂದು ನಮ್ಮ ಹಜಾರದಲ್ಲಿ ಇಳಿಯುತ್ತಿತ್ತು. ಬೇರೆ ದೇಶದ ರೇಡಿಯೋ 'ಕನ್ನಡ' ಎಂಬ ಪದವನ್ನು ಉಚ್ಚರಿಸಿದಾಗ ಆಗುತ್ತಿದ್ದ ಹಿಗ್ಗನ್ನು ಇಂದು ಯಾರಿಗಾದರೂ ವಿವರಿಸುವುದು ಕಷ್ಟ. ಆ ಅರ್ಧ ಗಂಟೆ ಅಪ್ಪ ಯಾರನ್ನೂ ಮಾತಾಡಗೊಡುತ್ತಿರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಕೊಲಂಬೊದ ಒಳಮನೆಯ ಕಥೆಯನ್ನೂ ಹೇಳದಿದ್ದರೆ ತಪ್ಪಾಗುತ್ತದೆ. ನಮಗೆ ಉದಾರವಾಗಿ ಕಂಡ ನಿಲಯ ತನ್ನದೇ ಹಾಡುಗಾರರಿಗೆ ಯಾವಾಗಲೂ ಹಾಗಿರಲಿಲ್ಲ. ಸಿಂಹಳದಲ್ಲಿ ಸುನಿಲ್ ಶಾಂತ ಎಂಬ ಗಾಯಕ, ಸಂಗೀತ ಸಂಯೋಜಕ ಇದ್ದರು. ಶಾಂತಿನಿಕೇತನದಲ್ಲೂ ಲಖನೌದ ಭಾತಖಂಡೆ ಸಂಗೀತ ವಿದ್ಯಾಲಯದಲ್ಲೂ ಕಲಿತು ಬಂದವರು. ಕಲಿತ ಮೇಲೆ ಅವರು ಉತ್ತರ ಹಿಂದೂಸ್ತಾನದ ರಾಗಗಳ ನಕಲು ಬೇಡ, ಸಿಂಹಳದ ಮಾತಿಗೂ ಲಯಕ್ಕೂ ಹೊಂದುವ ಸರಳ ಹಾಡು ಬೇಕು ಎಂದು ತಮ್ಮದೇ ದಾರಿ ಹಿಡಿದರು. ಅವರ ಹಾಡುಗಳು ದ್ವೀಪದ ತುಂಬ ಹರಡಿದವು. 1952ರಲ್ಲಿ ರೇಡಿಯೋ ಸಿಲೋನ್ ತನ್ನ ಕಲಾವಿದರನ್ನು ಪರೀಕ್ಷಿಸಿ ದರ್ಜೆ ಕೊಡಲು ಲಖನೌದಿಂದ ಎಸ್.ಎನ್. ರತಂಜನಕರ್ ಅವರನ್ನು ಕರೆಸಿತು. ಭಾತಖಂಡೆಯವರ ನೇರ ಶಿಷ್ಯರು, ಮಹಾ ವಿದ್ವಾಂಸರು. ಆಕಾಶವಾಣಿಯ ಧ್ವನಿಪರೀಕ್ಷೆಗಳಿಗೆ ಕೇಸ್ಕರರು ನಂಬಿದ್ದೂ ಅವರನ್ನೇ. ಇಲ್ಲಿ ಹಿರಿಯ ಸಂಗೀತಗಾರರು ಆ ಪರೀಕ್ಷೆಗಳ ವಿರುದ್ಧ ತಿರುಗಿ ಬಿದ್ದರು. ಅಲ್ಲಿ ಸುನಿಲ್ ಶಾಂತ ಪರೀಕ್ಷೆಗೆ ಹಾಜರಾಗುವುದಿಲ್ಲ ಎಂದರು. ನಮ್ಮ ಹಾಡನ್ನು ಹಿಂದೂಸ್ತಾನಿಯ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ ಎಂಬುದು ಅವರ ನಿಲುವಾಗಿತ್ತು. ರೇಡಿಯೋದ ಕೆಲಸ ಹೋಯಿತು. ಜನ ಹಾಡಿಕೊಳ್ಳುತ್ತಿದ್ದ ಹಾಡುಗಳ ಒಡೆಯ ವರ್ಷಗಟ್ಟಲೆ ತನ್ನ ನಾಡಿನ ರೇಡಿಯೋದಿಂದ ದೂರ ಉಳಿದರು.

ಅದೇ ವರ್ಷ, ಅದೇ ನಿಲಯ. ಒಂದು ಕೈಯಲ್ಲಿ ಭಾರತದ ಕೇಳುಗನ ಇಷ್ಟಕ್ಕೆ ಬಾಗಿಲು ತೆಗೆದು, ಇನ್ನೊಂದು ಕೈಯಲ್ಲಿ ತನ್ನ ಮಗನಿಗೇ ಬಾಗಿಲು ಮುಚ್ಚಿತು. ರೇಡಿಯೋ ಸಿಲೋನಿನ ಬಗ್ಗೆ ಬರೆದ ಎಷ್ಟೋ ನೆನಪಿನ ಬರಹಗಳಲ್ಲಿ ಸುನಿಲ್ ಶಾಂತರ ಹೆಸರು ನನಗೆ ಕಂಡಿಲ್ಲ. ಕಾಣಬೇಕಿತ್ತು.

ದೆಹಲಿಗೆ ಪಾಠ ತಲುಪಲು ಐದು ವರ್ಷ ಬೇಕಾಯಿತು. ಲಘು ಸಂಗೀತದ ಘಟಕಗಳನ್ನು ತೆರೆದು, ಕವಿಗಳಿಂದ ಗೀತೆ ಬರೆಸಿ, ಚಿತ್ರಗೀತೆಗೆ ಬದಲಿ ಕೊಡುವ ಯತ್ನ ನಡೆಯಿತು. ನಮ್ಮ ಭಾವಗೀತೆಗಳಿಗೆ ರೇಡಿಯೋ ನೆಲೆ ಕೊಟ್ಟದ್ದೂ ಆ ದಾರಿಯಲ್ಲೇ ಎಂಬುದನ್ನು ಮರೆಯಲಾಗದು. ಆದರೆ ಅದು ಚಿತ್ರಗೀತೆಯ ಜಾಗ ತುಂಬಲಿಲ್ಲ. ಕೊನೆಗೆ 1957ರ ಅಕ್ಟೋಬರ್ 3ರಂದು, ಕೇಸ್ಕರರು ಇನ್ನೂ ಮಂತ್ರಿಯಾಗಿದ್ದಾಗಲೇ, ಚಿತ್ರಗೀತೆಗಳನ್ನೂ ಲಘು ಸಂಗೀತವನ್ನೂ ಕೂಡಿಸಿದ ಹೊಸ ಸೇವೆ 'ವಿವಿಧ ಭಾರತಿ' ಶುರುವಾಯಿತು. ಹಿಂದೆ ನಿಂತವರು ಕವಿ ನರೇಂದ್ರ ಶರ್ಮಾ. ಮೊದಲ ಗೀತೆಯೂ ಅವರದೇ. ಸಂಗೀತ ಅನಿಲ್ ಬಿಸ್ವಾಸ್, ದನಿ ಮನ್ನಾ ಡೇ. ಆಲ್ ಇಂಡಿಯಾ ರೇಡಿಯೋ ಮೈಸೂರಿನ 'ಆಕಾಶವಾಣಿ' ಎಂಬ ಹೆಸರನ್ನು ಇಡೀ ದೇಶಕ್ಕೆ ಇಟ್ಟುಕೊಂಡದ್ದೂ ಸುಮಾರು ಅದೇ ಹೊತ್ತಿಗೆ. ಬೆಂಗಳೂರಿನ ನಿಲಯ 1955ರ ನವೆಂಬರಿನಲ್ಲಿ ಆರಂಭವಾಗಿತ್ತು.

ವಿವಿಧ ಭಾರತಿ ಬಂದೊಡನೆ ಸಿಲೋನು ಸೋಲಲಿಲ್ಲ. ಬಾಯಿಗೆ ಹತ್ತಿದ ರುಚಿ ಒಂದು ದಿನದಲ್ಲಿ ಬಿಡುವುದಿಲ್ಲ. 1967ರ ನವೆಂಬರ್ 1ರಿಂದ ಮುಂಬಯಿ, ಪುಣೆ, ನಾಗಪುರಗಳಲ್ಲಿ ವಿವಿಧ ಭಾರತಿ ಜಾಹೀರಾತು ತೆಗೆದುಕೊಳ್ಳತೊಡಗಿದ ಮೇಲೆ ಪ್ರಾಯೋಜಕರು ಒಬ್ಬೊಬ್ಬರಾಗಿ ಮನೆಗೆ ಮರಳಿದರು. ಅದೇ ವರ್ಷದ ಜನವರಿಯಲ್ಲಿ ರೇಡಿಯೋ ಸಿಲೋನ್ ಇಲಾಖೆಯ ಹಂಗು ಬಿಟ್ಟು ನಿಗಮವಾಗಿತ್ತು. 1972ರಲ್ಲಿ ದೇಶದ ಹೆಸರು ಶ್ರೀಲಂಕಾ ಆದಾಗ ನಿಲಯದ ಹೆಸರೂ ಬದಲಾಯಿತು. ನಮ್ಮ ಬಾಯಲ್ಲಿ ಮಾತ್ರ ಅದು ಬದಲಾಗಲೇ ಇಲ್ಲ. ಟ್ರಾನ್ಸಿಸ್ಟರುಗಳು ಅಗ್ಗವಾದವು, ಊರಿನ ಮೀಡಿಯಂ ವೇವ್ ನಿಲಯ ಗರಗರವಿಲ್ಲದೆ ಅದೇ ಹಾಡು ಕೊಟ್ಟಿತು, ಆಮೇಲೆ ಟಿ.ವಿ. ಬಂತು. 1989ರಲ್ಲಿ ಗೀತ್‌ಮಾಲಾ ಕೂಡ ವಿವಿಧ ಭಾರತಿಗೆ ಬಂದು ಸೇರಿತು. ಅಷ್ಟು ಹೊತ್ತಿಗೆ ನಮ್ಮ ಮರ್ಫಿಯ ಹಸಿರು ಕಣ್ಣು ಆರಿಹೋಗಿ ವರ್ಷಗಳಾಗಿದ್ದವು. ಅಮೀನ್ ಸಯಾನಿ 2024ರ ಫೆಬ್ರವರಿ 20ರಂದು ಮುಂಬಯಿಯಲ್ಲಿ ತೀರಿಕೊಂಡಾಗ ಅಕ್ಕ ಫೋನು ಮಾಡಿ, ಏನೂ ಹೇಳದೆ, ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಉಳಿದದ್ದು ಕೊಲಂಬೊದ ತಟ್ಟೆಗಳ ಭ‌ಂಡಾರ. ರೆಕಾರ್ಡ್ ಕಂಪನಿಗಳು ಅರಗು ಮತ್ತು ಕಲ್ಲುಪುಡಿಯಲ್ಲಿ ಒತ್ತಿದ, ನಿಮಿಷಕ್ಕೆ 78 ಸುತ್ತು ತಿರುಗುವ, ಬಿದ್ದರೆ ಹೆಂಚಿನಂತೆ ಒಡೆಯುವ ತಟ್ಟೆಗಳು. ಭಾರತದಲ್ಲಿ ಎಷ್ಟೋ ಹಳೆಯ ಚಿತ್ರಗಳ ರೀಲುಗಳೇ ಸುಟ್ಟು, ಕೊಳೆತು ಹೋದವು. ಅವುಗಳ ಹಾಡುಗಳ ತಟ್ಟೆಗಳು ಗುಜರಿ ಸೇರಿದವು. ಹಾಡಿಗಾಗಿಯೇ ಬದುಕಿದ್ದ ಆ ನಿಲಯ ತನ್ನಲ್ಲಿಗೆ ಬಂದದ್ದನ್ನು ಹೊದಿಕೆಯಲ್ಲಿಟ್ಟು, ಸಂಖ್ಯೆ ಬರೆದು, ಕಾಪಾಡಿಕೊಂಡು ಬಂತು. ಹಳೆಯ ಹಿಂದಿ ಹಾಡುಗಳನ್ನು ಹುಡುಕುವವರು ಇಂದಿಗೂ ಕೊನೆಗೆ ಹೆಸರು ಹೇಳುವುದು ಆ ಭಂಡಾರದ್ದೇ.

ಅಲ್ಲಿಂದ ಪ್ರತಿದಿನ ಬೆಳಗ್ಗೆ ಏಳೂವರೆಗೆ ಹಳೆಯ ಚಿತ್ರಗಳ ಸಂಗೀತ ಬರುತ್ತಿತ್ತು. ಅರ್ಧ ಗಂಟೆಯ ಕಾರ್ಯಕ್ರಮ. ಎಂಟಕ್ಕೆ ಮೂರು ನಿಮಿಷವಿದ್ದಾಗ ಕೊನೆಯ ಹಾಡು ಕೆ.ಎಲ್. ಸೈಗಲ್ ಅವರದು. ಯಾವ ದಿನವೂ ತಪ್ಪಿದ್ದಿಲ್ಲ. 1947ರಲ್ಲಿ ತೀರಿಕೊಂಡ ಗಾಯಕನಿಗೆ ದಿನದ ಒಂದು ಹೊತ್ತನ್ನೇ ಬಿಟ್ಟುಕೊಟ್ಟಿದ್ದರು. 78 ಸುತ್ತಿನ ತಟ್ಟೆಯ ಒಂದು ಮುಖದಲ್ಲಿ ಹಿಡಿಯುವುದೂ ಹೆಚ್ಚುಕಡಿಮೆ ಮೂರೇ ನಿಮಿಷ. ಸೈಗಲ್ ಶುರುವಾದರೆಂದರೆ ಅಪ್ಪ ಗಡಿಯಾರ ನೋಡದೆ ಚಪ್ಪಲಿ ಮೆಟ್ಟುತ್ತಿದ್ದರು, ನಾನು ಶಾಲೆಯ ಚೀಲ ಹೆಗಲಿಗೇರಿಸುತ್ತಿದ್ದೆ. ಹಾಡು ಮುಗಿದು, ಸೂಜಿ ತಟ್ಟೆಯ ನಡುವಿಗೆ ಸರಿಯುವ ಸರಸರ ಸದ್ದು ಕೇಳಿದ ಮೇಲೆಯೇ ಅಮ್ಮ ಗುಂಡಿ ತಿರುಗಿಸಿ ಆರಿಸುತ್ತಿದ್ದಳು.